ಆಂಗ್ಲಿಕನ್ ಪಾದ್ರಿಗಳ ಗುರುದೀಕ್ಷೆ ಸಿಂಧುವೇ?

ಆಂಗ್ಲಿಕನ್ (ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಪಾದ್ರಿಗಳಿಗೆ ಪ್ರೇಷಿತರಿಂದ, ಅಂದರೆ ಯೇಸುವಿನ ಶಿಷ್ಯರಿಂದ, ಬಿಷಪರ ಕೈಯಿಂದ ಕೈಗೆ ಬಂದ ಪರಂಪರೆ ಇದೆಯಾ, ಅವರು ಕೊಡುವ ಸಂಸ್ಕಾರ ಸಿಂಧುವಾ ಅಂತ ಕೇಳಿದ್ದೀರಿ. ನಾನು ಕಥೋಲಿಕ, ಹೆಂಡತಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನದವಳು. ನಮ್ಮ ಮನೆಯಲ್ಲಿ ಇದು ಊಟಕ್ಕೆ ಕೂತಾಗ ಬರುವ ವಿಷಯ.

ರೋಮ್ 1896ರಲ್ಲೇ ತೀರ್ಪು ಕೊಟ್ಟಿದೆ. ಆಂಗ್ಲಿಕನ್ ಗುರುದೀಕ್ಷೆ ಪೂರ್ತಿ ಅಸಿಂಧು ಎಂದು ಪೋಪ್ 13ನೇ ಲಿಯೋ ಬರೆದರು. ಅದು ಇವತ್ತಿಗೂ ಬದಲಾಗಿಲ್ಲ.

ಆದರೆ ಯಾಕೆ ಅಂತ ಕೇಳಿದರೆ ಜಾಸ್ತಿ ಜನ 'ಆ ಪರಂಪರೆಯ ಕೊಂಡಿ ಕಳಚಿತು' ಅಂತ ಸುಮ್ನೆ ಹೇಳಿಬಿಡುತ್ತಾರೆ. ಅಷ್ಟು ಸುಲಭ ಅಲ್ಲ. 1559ರ ಡಿಸೆಂಬರ್ 17, ಲಂಡನ್ನಿನ ಲ್ಯಾಂಬೆತ್ ಅರಮನೆಯ ಪ್ರಾರ್ಥನಾಲಯ, ಬೆಳಗಿನ ಜಾವ. ನೆಲಕ್ಕೆ ಕೆಂಪು ಬಟ್ಟೆ ಹಾಸಿದ್ದರು. ಬಾರ್ಲೋ, ಸ್ಕೋರಿ, ಕವರ್‌ಡೇಲ್, ಹಾಡ್ಜ್‌ಕಿನ್ಸ್ ನಾಲ್ವರು ಬಿಷಪರೂ ಕ್ಯಾಂಟರ್ಬರಿಯ ಹೊಸ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ ತಲೆಯ ಮೇಲೆ ಕೈ ಇಟ್ಟು ಅಭಿಷೇಕ ಮಾಡಿದರು. ಕವರ್‌ಡೇಲ್ ಮೈಮೇಲೆ ಸಾದಾ ಉಣ್ಣೆ ನಿಲುವಂಗಿ. ಬಾರ್ಲೋ ಅಭಿಷೇಕದ ದಾಖಲೆ ಸಿಕ್ಕಿಲ್ಲ, ನಿಜ. ಆದರೆ ಹಾಡ್ಜ್‌ಕಿನ್ಸ್ ಹಳೆಯ ಕಥೋಲಿಕ ವಿಧಿಯಲ್ಲೇ ಬಿಷಪ್ ಆದವರು, ಅಲ್ಲಿ ತಕರಾರಿಲ್ಲ. ಇದೆಲ್ಲ ಹೆಂಡದಂಗಡಿಯಲ್ಲಿ ನಡೆಯಿತು ಅನ್ನೋದು ಬರೀ ಕಟ್ಟುಕಥೆ.

ಲಿಯೋ ತಕರಾರು ಅವತ್ತು ಆಡಿದ ಮಾತಿನ ಮೇಲೆ. ಇಂಗ್ಲೆಂಡಿನ ರಾಜ ಆರನೇ ಎಡ್ವರ್ಡ್ ಕಾಲದ ದೀಕ್ಷಾವಿಧಿಯಲ್ಲಿ 'ಪವಿತ್ರಾತ್ಮರನ್ನು ಸ್ವೀಕರಿಸು' ಎಂದಿತ್ತು, ಯಾವ ಪದವಿಗೆ ಅಂತ ಇರಲಿಲ್ಲ. ಬಲಿ ಅರ್ಪಿಸುವ ಅಧಿಕಾರದ ಮಾತನ್ನೂ ತೆಗೆದಿದ್ದರು. 1662ರಲ್ಲಿ ಪದವಿಯ ಹೆಸರು ಸೇರಿಸಿದರು. ಅಷ್ಟರಲ್ಲಿ ನೂರು ವರ್ಷ ಕಳೆದಿತ್ತು, ದೀಕ್ಷೆ ಕೊಡಬಲ್ಲವರೇ ಉಳಿದಿರಲಿಲ್ಲ ಅನ್ನುತ್ತದೆ ರೋಮ್. 1897ರಲ್ಲಿ ಕ್ಯಾಂಟರ್ಬರಿ, ಯಾರ್ಕ್ ಆರ್ಚ್‌ಬಿಷಪರು ತಿರುಗಿ ಕೇಳಿದರು: ನಿಮ್ಮ ಹಳೇ ಪ್ರಾರ್ಥನೆಗಳಲ್ಲೂ ಆ ಮಾತು ಇಲ್ಲವಲ್ಲ, ಹಾಗಾದರೆ ನಿಮ್ಮ ದೀಕ್ಷೆಯ ಗತಿ ಏನು? ಕಥೋಲಿಕನಾದರೂ ಹೇಳುತ್ತೇನೆ, ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಇನ್ನೊಂದು ತಿರುವು. 1930ರ ದಶಕದಿಂದ ಹಾಲೆಂಡ್ ಕಡೆಯ ಓಲ್ಡ್ ಕ್ಯಾಥೊಲಿಕ್ (ರೋಮ್‌ನಿಂದ ಬೇರೆಯಾದ ಕಥೋಲಿಕರ) ಬಿಷಪರು ಆಂಗ್ಲಿಕನ್ ಅಭಿಷೇಕಗಳಲ್ಲಿ ಕೈ ಸೇರಿಸತೊಡಗಿದರು. ಅವರ ಪರಂಪರೆಯನ್ನು ರೋಮ್ ಒಪ್ಪುತ್ತದೆ. ಅದಕ್ಕೇ ಲಂಡನ್ನಿನ ಮಾಜಿ ಬಿಷಪ್ ಗ್ರಹಾಂ ಲೆನರ್ಡ್ ಕಥೋಲಿಕರಾದಾಗ, 1994ರಲ್ಲಿ, ಷರತ್ತಿನ ದೀಕ್ಷೆ ಕೊಟ್ಟರು. ಅಂದರೆ 'ಹಿಂದಿನದು ಸಿಂಧುವಲ್ಲದಿದ್ದರೆ ಇದು ಇರಲಿ' ಅಂತ.

ಸಂಸ್ಕಾರಗಳಲ್ಲಿ ದೀಕ್ಷಾಸ್ನಾನಕ್ಕೆ ತೊಂದರೆ ಇಲ್ಲ. ನೀರು ಮತ್ತು ತ್ರಿತ್ವದ ಹೆಸರು ಇದ್ದರೆ ಸಾಕು, ಪಾದ್ರಿಯೇ ಬೇಕೆಂದಿಲ್ಲ. ಜಗಳ ಇರುವುದು ಪರಮಪ್ರಸಾದದಂಥವಕ್ಕೆ.

ಸಿಎಸ್‌ಐ ಕಥೆ ಇನ್ನೂ ಮಜಾ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರ ಜೊತೆ ಬಿಷಪರೇ ಇಲ್ಲದ ಸಭೆಗಳೂ ಒಂದಾದವು. ಆ ಸಭೆಗಳ ಪಾದ್ರಿಗಳಿಗೆ ಮರುದೀಕ್ಷೆ ಕೊಡಲಿಲ್ಲ. ಆಗ 'ಇವರ ದೀಕ್ಷೆ ಸಿಂಧುವಾ' ಅಂತ ಸಿಡುಕಿದವರು ಇಂಗ್ಲೆಂಡಿನ ಕೆಲವು ಆಂಗ್ಲಿಕನ್ನರೇ!

ಕ್ರಿಸ್ಮಸ್‌ಗೆ ನಾನು ಅವಳ ಚರ್ಚಿಗೆ ಹೋಗುತ್ತೇನೆ. ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಎದ್ದಾಗ ಅವಳ ಪರ್ಸ್ ಹಿಡಿದುಕೊಂಡು ಬೆಂಚಿನಲ್ಲೇ ಕೂತಿರುತ್ತೇನೆ.