ಇಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಪಿ0341: ಮೂರನೆಯ ಸೆನ್ಸರ್ ಕೊಳ್ಳುವ ಮೊದಲು ಚೈನಿನ ರೋಲರ್ ಎಣಿಸಿ

ಮೂರನೆಯ ಕ್ಯಾಮ್‌ಶಾಫ್ಟ್ ಸೆನ್ಸರ್ ಕೊಳ್ಳಬೇಡಿ. ಸದ್ಯಕ್ಕೆ ಸೆಲ್ಫ್ ಕೂಡ ಹೊಡೆಯಬೇಡಿ. ಗದಗಿನಲ್ಲಿರುವ ನಿಮ್ಮ ಹಳೆಯ ಆಡಿ ಟಿಟಿಯ 1.8 ಲೀಟರ್ ಟರ್ಬೊ ಇಂಜಿನ್ನಿನ ಹೆಡ್ (ವಾಲ್ವ್, ಕ್ಯಾಮ್ ಇರುವ ಮೇಲ್ಭಾಗ) ಇಳಿಸಿ, ವಾಲ್ವ್ ಕೂರಿಸಿ, ಹೊಸ ಟೈಮಿಂಗ್ ಬೆಲ್ಟ್ ಹಾಕಿಸಿದ್ದೀರಿ. ಅಂದಿನಿಂದ ಗಾಡಿ ತಡವಾಗಿ ಚಾಲೂ ಆಗುತ್ತದೆ, ನಿಂತಲ್ಲಿ ನಡುಗುತ್ತದೆ, ಪಿಕಪ್ ಇಲ್ಲ, ಸ್ಕ್ಯಾನರಿನಲ್ಲಿ ಪಿ0341 ಎಂಬ ದೋಷದ ಕೋಡ್ ಬರುತ್ತದೆ ಎಂದು ಬರೆದಿದ್ದೀರಿ. ಎರಡು ಸಲ ಸೆನ್ಸರ್ ಬದಲಾಯಿಸಿದರೂ ಹೋಗದ ಕೋಡ್ ಸೆನ್ಸರಿನದಾಗಿರುವ ಸಾಧ್ಯತೆ ಕಡಿಮೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ (ಕ್ಯಾಮ್) ಸಂಕೇತ ಬರುತ್ತಿದೆ, ಆದರೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಸಂಕೇತಕ್ಕೆ ತಾಳೆಯಾಗುತ್ತಿಲ್ಲ ಎನ್ನುವುದಷ್ಟೇ ಆ ಕೋಡಿನ ಅರ್ಥ. ಬಹುಶಃ ಸೆನ್ಸರ್ ತಾನು ಕಂಡದ್ದನ್ನು ಸರಿಯಾಗಿಯೇ ಹೇಳುತ್ತಿದೆ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಂಜಿನ್ ಹೆಡ್ ಕೆಲಸ ಮಾಡುವವನು. ಬೆಲ್ಟಿನ ಗುರುತು ಕೂಡಿದೆ ಎಂದು ಮುಂದಿನ ಕವರ್ ಮುಚ್ಚಿ ಗಾಡಿ ಕೊಟ್ಟುಬಿಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಇಂಜಿನ್ನಿನಲ್ಲಿ ಬೆಲ್ಟ್ ತಿರುಗಿಸುವುದು ಹೊಗೆ ಹೊರಬಿಡುವ ಎಕ್ಸಾಸ್ಟ್ ಕ್ಯಾಮನ್ನು ಮಾತ್ರ. ಅಲ್ಲಿಂದ ಗಾಳಿ ಒಳಬಿಡುವ ಇನ್‌ಟೇಕ್ ಕ್ಯಾಮಿಗೆ ಗಿಯರ್‌ಬಾಕ್ಸ್ ಕಡೆ, ಹೆಡ್ಡಿನ ಒಳಗೆ, ಒಂದು ಚಿಕ್ಕ ಚೈನ್ ಇದೆ. ಸೆನ್ಸರ್ ನೋಡುವುದು ಇನ್‌ಟೇಕ್ ಕ್ಯಾಮನ್ನು. ಹಾಗಾಗಿ ಬೆಲ್ಟ್ ಪೂರ್ತಿ ಸರಿಯಿದ್ದೂ ಚೈನ್ ಒಂದು ಹಲ್ಲು ತಪ್ಪಿ ಕೂತರೆ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದಂತೆ ಇಂಜಿನ್ ಎಳೆಯುತ್ತದೆ. ವಾಲ್ವ್ ಕೆಲಸಕ್ಕೆ ಎರಡೂ ಕ್ಯಾಮ್ ಹೊರಬಂದಿರುವುದರಿಂದ ನನ್ನ ಮೊದಲ ಅನುಮಾನ ಆ ಚೈನಿನ ಮೇಲೆಯೇ.

ನಾಲ್ಕೂ ಪ್ಲಗ್ ಬಿಚ್ಚಿಸಿ. ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಬೆಲ್ಟಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತಿಗೆ ತನ್ನಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಟೈಮಿಂಗ್, ಅಂದರೆ ಕ್ರ್ಯಾಂಕ್ ಮತ್ತು ಕ್ಯಾಮಿನ ತಾಳೆ, ತಪ್ಪಿದರೆ ಈ ಇಂಜಿನ್ನಿನಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಗುರುತು ದಾಟಿ ಹೋದರೆ ಹಿಂದಕ್ಕೆ ಎಳೆಯದೆ ಮತ್ತೆ ಎರಡು ಸುತ್ತು ಮುಂದಕ್ಕೇ ಬನ್ನಿ. ಹಿಂದಕ್ಕೆ ತಿರುಗಿಸಿದಾಗ ಬೆಲ್ಟಿನ ಸಡಿಲು ಬೇರೆ ಕಡೆಗೆ ಸರಿದು ಗುರುತು ಸುಳ್ಳು ಹೇಳುತ್ತದೆ.

ಆಮೇಲೆ ಮೇಲಿನ ವಾಲ್ವ್ ಕವರ್ ತೆಗೆಸಿ. ಎರಡೂ ಕ್ಯಾಮಿನ ಚೈನ್ ಚಕ್ರಗಳಲ್ಲಿ ಕಚ್ಚುಗಳಿವೆ, ಬೇರಿಂಗ್ ಕ್ಯಾಪಿನ ಮೇಲೆ ಬಾಣಗಳಿವೆ. ಕಚ್ಚಿನಿಂದ ಕಚ್ಚಿಗೆ ಚೈನಿನ 16 ರೋಲರ್ ಇರಬೇಕು. ಎಕ್ಸಾಸ್ಟ್ ಕಡೆಯ ಕಚ್ಚು ರೋಲರಿನ ನೇರಕ್ಕೆ ಬರದೆ ಕೊಂಚ ಒಳಕ್ಕೆ ಸರಿದಿರುವುದು ಸಹಜ. ಅದನ್ನು ಕಂಡು ಗೊಂದಲಗೊಂಡು 15 ಅಥವಾ 17ಕ್ಕೆ ಕೂರಿಸುವವರಿದ್ದಾರೆ. ಎಣಿಸುವಾಗ ಫೋಟೋ ತೆಗೆದು, ಫೋಟೋದಲ್ಲಿ ಇನ್ನೊಮ್ಮೆ ಎಣಿಸಿ.

ಚೈನ್ ಸರಿಯಿದ್ದರೆ ಕ್ರ್ಯಾಂಕಿನ ಗುರುತನ್ನೇ ಅನುಮಾನಿಸಬೇಕು. ಮೊದಲನೆಯ ಸಿಲಿಂಡರಿನ ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮುಳ್ಳಿನ ಮಾಪಕ) ಇಳಿಸಿ ಪಿಸ್ಟನ್ ಏರುವ ನಿಜವಾದ ತುದಿಯನ್ನು ಹುಡುಕಿ. ತುದಿಯ ಹತ್ತಿರ ಕ್ರ್ಯಾಂಕ್ ತಿರುಗಿದರೂ ಪಿಸ್ಟನ್ ಕದಲುವುದೇ ಇಲ್ಲ ಎನ್ನುವಷ್ಟು ನಿಧಾನ, ಅಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ತುದಿಗೆ 1 ಮಿ.ಮೀ. ಮೊದಲು ಒಂದು ಗೆರೆ, ದಾಟಿ 1 ಮಿ.ಮೀ. ಇಳಿದಾಗ ಇನ್ನೊಂದು ಗೆರೆ ಎಳೆಯಿರಿ. ಎರಡರ ನಟ್ಟನಡುವೆ ಇರುವುದೇ ತುದಿ.

ಒಂದು ಹಲ್ಲು ತಪ್ಪಿದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಉದಾಹರಣೆಗೆ ಕ್ಯಾಮಿನ ಚಕ್ರಕ್ಕೆ 40 ಹಲ್ಲು ಎಂದುಕೊಳ್ಳಿ. ಒಂದು ಹಲ್ಲೆಂದರೆ ಕ್ಯಾಮಿನಲ್ಲಿ 9 ಡಿಗ್ರಿ. ಕ್ಯಾಮ್ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ಬರುವುದರಿಂದ ಕ್ರ್ಯಾಂಕಿನ ಲೆಕ್ಕದಲ್ಲಿ ಅದು 18 ಡಿಗ್ರಿ. ಅದು ಸಣ್ಣ ತಪ್ಪಲ್ಲ. ಹೆಡ್ಡಿನ ತಳ ಉಜ್ಜಿ ಸಮಮಾಡುವ ಫೇಸಿಂಗ್‌ನಿಂದಲೂ ಕ್ಯಾಮ್ ಸ್ವಲ್ಪ ಹಿಂದೆ ಬೀಳುತ್ತದೆ, ನಿಜ. ಆದರೆ ಹದವಾಗಿ ಉಜ್ಜಿದ ಹೆಡ್ಡಿನಿಂದ ಇಷ್ಟೆಲ್ಲ ಆಗುವುದಿಲ್ಲ. ತಪ್ಪನ್ನು ಲೇತಿನವನ ತಲೆಗೆ ಕಟ್ಟುವ ಮೊದಲು ಅಳೆದು ನೋಡಿ.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನೂ ಮಾಡಿಸಿ, ಆದರೆ ಎರಡು ಸುತ್ತು ಕೈಯಲ್ಲಿ ಸಲೀಸಾಗಿ ತಿರುಗಿದ ಮೇಲಷ್ಟೇ. ನಾಲ್ಕೂ ಸಿಲಿಂಡರ್ ಸಮವಾಗಿ ಕಡಿಮೆ ತೋರಿಸಿದರೆ ಟೈಮಿಂಗ್ ಕಡೆಗೆ ಬೆರಳು. ಒಂದೆರಡು ಮಾತ್ರ ಕಡಿಮೆಯಿದ್ದರೆ ವಾಲ್ವ್ ಬಾಗಿರಬಹುದು ಅಥವಾ ಸರಿಯಾಗಿ ಕೂತಿಲ್ಲ. ಆಗ ಗಾಳಿ ತುಂಬಿ ಸೋರಿಕೆ ಪರೀಕ್ಷಿಸಿ. ಸೈಲೆನ್ಸರಿನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಕಡೆ ಕೇಳಿಸಿದರೆ ಇನ್‌ಟೇಕ್.

ಎಲ್ಲ ಸರಿಮಾಡಿ ಚಾಲೂ ಮಾಡಿದ ಮೇಲೆ ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕುವವರಿಗೆ ಒಂದು ಮಾತು. ಪುಸ್ತಕದಲ್ಲಿರುವ 17ರಿಂದ 21 ಇಂಚು (ಪಾದರಸದ ಅಳತೆ) ಸಮುದ್ರಮಟ್ಟದ ಲೆಕ್ಕ. ನಮ್ಮ ಹುಬ್ಬಳ್ಳಿ, ಗದಗ ಎರಡೂ 600 ಮೀಟರಿಗಿಂತ ಮೇಲಿವೆ, ಇಲ್ಲಿ ಸುಮಾರು 2 ಇಂಚು ಕಡಿಮೆ ಬರುವುದೇ ಸರಿ. ಅದಕ್ಕಿಂತ ಬಹಳ ಕೆಳಗೆ, ಮುಳ್ಳು ಅಲುಗದೆ ನಿಂತರೆ ಟೈಮಿಂಗ್ ಇನ್ನೂ ಹಿಂದಿದೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ.

ಇಷ್ಟಾದರೂ ಕೋಡ್ ಉಳಿದರೆ ಮಾತ್ರ ಸೆನ್ಸರಿನ ವೈರಿಂಗ್, ಮತ್ತು ಕ್ಯಾಮಿನ ತುದಿಯಲ್ಲಿ ಸೆನ್ಸರ್ ಎದುರು ತಿರುಗುವ ಚಕ್ರ ತಿರುಚಿ ಕೂತಿದೆಯೇ ಎಂದು ನೋಡಿಸಿ. ರೋಲರಿನ ಫೋಟೋ ಮತ್ತು ನಾಲ್ಕು ಸಿಲಿಂಡರಿನ ಕಂಪ್ರೆಷನ್ ಅಂಕಿಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.