ಮಸ್ಕ್ಯುಲರ್ ಡಿಸ್ಟ್ರೋಫಿ (ಮಾಂಸಖಂಡ ಕ್ಷೀಣಿಸುವ ಕಾಯಿಲೆ) ಇರುವ ತಮ್ಮನಿಗೆ ಟ್ರೊಪೋನಿನ್ ಟಿ (ಹೃದಯಕ್ಕೆ ಪೆಟ್ಟಾಗಿದೆಯಾ ನೋಡುವ ರಕ್ತಪರೀಕ್ಷೆ) 58 ಬಂದಿದೆ, ಎದೆನೋವಿಲ್ಲ. ಇದು ಹಾರ್ಟ್ ಅಟ್ಯಾಕಾ?

ಈ ಒಂದು ನಂಬರ್ ನೋಡಿ ಹೌದು ಅನ್ನಲು ಆಗುವುದಿಲ್ಲ. ಅಲ್ಲ ಅನ್ನಲೂ ಆಗುವುದಿಲ್ಲ, ತಲೆನೋವು ಅದೇ.

ನನಗೂ ಇದೇ ಕಾಯಿಲೆಯ ಒಂದು ವಿಧ, ಲಿಂಬ್ ಗರ್ಡಲ್ ಡಿಸ್ಟ್ರೋಫಿ ಇದೆ. ಕೆಲವು ವರ್ಷಗಳ ಹಿಂದೆ ಜ್ವರ, ಸುಸ್ತು ಅಂತ ಆಸ್ಪತ್ರೆಗೆ ಹೋದಾಗ ಟ್ರೊಪೋನಿನ್ ಟಿ 71 ಬಂತು. 14ರ ಒಳಗಿರಬೇಕು ಅಂತ ರಿಪೋರ್ಟಿನಲ್ಲೇ ಇತ್ತು. ಕೂಡಲೇ ಐಸಿಯುಗೆ ಹಾಕಿದರು, ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಟ್ಟರು, ಬೆಳಗ್ಗೆ ಆಂಜಿಯೋಗ್ರಾಂ ಅಂದರು. ಮೂರು ಗಂಟೆ ಬಿಟ್ಟು ಮತ್ತೆ ನೋಡಿದರೆ 70. ರಾತ್ರಿ ಡ್ಯೂಟಿಗೆ ಬಂದ ಡಾಕ್ಟರ್ ಒಬ್ಬರು ನನ್ನ ಹಳೇ ಫೈಲ್ ತಿರುವಿ ಹಾಕಿ, ಟ್ರೊಪೋನಿನ್ ಐ ಅನ್ನೋ ಇನ್ನೊಂದು ಟೆಸ್ಟ್ ಕಳಿಸಿ ನೋಡೋಣ ಅಂದರು. ಅದು ನಾರ್ಮಲ್! ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಕೂಡ ಸರಿ ಇದ್ದವು, ಆಂಜಿಯೋಗ್ರಾಂ ತಪ್ಪಿತು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಟ್ರೊಪೋನಿನ್ ಟಿ ಹೃದಯದ್ದು ಅಂತಾರೆ, ಆದರೆ ಮಗು ಹೊಟ್ಟೆಯಲ್ಲಿರುವಾಗ ಕೈಕಾಲಿನ ಮಾಂಸಖಂಡವೂ ಅದನ್ನು ಮಾಡುತ್ತದೆ, ನಮ್ಮ ಥರದವರಲ್ಲಿ ಮಾಂಸಖಂಡ ದಿನಾ ಹಾಳಾಗಿ ದಿನಾ ರಿಪೇರಿ ಆಗುತ್ತಿರುವಾಗ ಆ ಹಳೇ ಚಾಳಿ ಮತ್ತೆ ಶುರುವಾಗುತ್ತದೆ. ಹೃದಯಕ್ಕೆ ಅಂತ ಮಾಡುವ ಇನ್ನೊಂದು ಟೆಸ್ಟ್, ಸಿಕೆ-ಎಂಬಿ ಕಥೆಯೂ ಇದೇ. ಮಾಂಸಖಂಡ ಹಾಳಾದಾಗ ಏರುವ ಸಿಪಿಕೆ ಅಂತೂ ಬಿಡಿ, ಅದು ಸಾವಿರಗಟ್ಟಲೆ ಇದ್ದರೂ ಹೃದಯದ ಬಗ್ಗೆ ಏನೂ ಹೇಳುವುದಿಲ್ಲ. ಟ್ರೊಪೋನಿನ್ ಐ ಮಾತ್ರ ಬಹುಮಟ್ಟಿಗೆ ಹೃದಯದ್ದೇ.

(ಎಸ್‌ಜಿಒಟಿ, ಎಸ್‌ಜಿಪಿಟಿ ಅಂತ ಲಿವರ್ ಟೆಸ್ಟಿನಲ್ಲಿ ಬರುವ ಎರಡು ನಂಬರ್ ಕೂಡ ಮಾಂಸಖಂಡದಿಂದ ಬರುತ್ತವೆ. ಅದು ಗೊತ್ತಿಲ್ಲದೆ ನಾನು ಎರಡು ವರ್ಷ ಸುಮ್ನೆ ಲಿವರ್ ಮಾತ್ರೆ ನುಂಗಿದ್ದೇನೆ. ಲಿವರಿನ ಇನ್ನೊಂದು ನಂಬರ್ ಜಿಜಿಟಿ ನಾರ್ಮಲ್ ಇದ್ದು ಇವೆರಡೇ ಜಾಸ್ತಿ ಇದ್ದರೆ ಸಿಪಿಕೆ ನೋಡಲು ಕೇಳಿ.)

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಮೊದಲು ಕೆಲವು ಗಂಟೆ ಬಿಟ್ಟು ಅದೇ ಟೆಸ್ಟ್ ಮತ್ತೆ ಮಾಡಿಸಿದ್ದಾರಾ ಕೇಳಿ. ಹಾರ್ಟ್ ಅಟ್ಯಾಕಿನಲ್ಲಿ ನಂಬರ್ ಏರುತ್ತದೆ ಇಲ್ಲವೇ ಇಳಿಯುತ್ತದೆ, ಮಾಂಸಖಂಡದಿಂದ ಬಂದಿದ್ದರೆ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ. ಜೊತೆಗೆ ಟ್ರೊಪೋನಿನ್ ಐ, ಇಸಿಜಿ. ಐ ಕೂಡ ಜಾಸ್ತಿ ಬಂದರೆ ಹೃದಯಕ್ಕೆ ನಿಜವಾಗಿಯೂ ಪೆಟ್ಟಾಗಿದೆ ಅಂತ ಹಿಡಿಯಬೇಕು, ಆದರೆ ಆಗಲೂ ರಕ್ತನಾಳ ಕಟ್ಟಿದೆ ಅಂತಲೇ ಅಲ್ಲ, ಈ ಕಾಯಿಲೆಯೇ ಹೃದಯಕ್ಕೂ ಇಳಿದಿರಬಹುದು.

ಇದನ್ನು ಮರೆಯಬೇಡಿ, ಯಾಕೆಂದರೆ 'ಓ, ಅದು ಮಾಂಸಖಂಡದ್ದು' ಅಂತ ಸುಮ್ಮನಾಗುವುದೂ ಅಪಾಯ. ಈ ಕಾಯಿಲೆಯ ಬೇರೆ ವಿಧಗಳಾದ ಡುಶೇನ್, ಬೆಕರ್‌ನಲ್ಲಿ ಹೃದಯದ ಸ್ನಾಯು ಸೋಲುತ್ತಾ ಬರುತ್ತದೆ, ಮಯೋಟಾನಿಕ್‌ನಲ್ಲಿ ಬಡಿತದ ಲಯವೇ ಕೆಡಬಹುದು, ಎದೆನೋವು ಇಲ್ಲದೆಯೂ. ಯಾವ ವಿಧದ ಡಿಸ್ಟ್ರೋಫಿ ಅಂತ ಜೀನ್ ಟೆಸ್ಟಿನಲ್ಲಿ ಗೊತ್ತಾಗಿದೆಯಾ? ಅದನ್ನು ಹೃದಯದ ಡಾಕ್ಟರಿಗೆ ಹೇಳಿ, ಎಕೋ ಎಷ್ಟು ತಿಂಗಳಿಗೊಮ್ಮೆ, ಹೃದಯದ ಎಂಆರ್‌ಐ ಬೇಕಾ ಅಂತ ಕೇಳಿ. ಎದೆನೋವು, ಉಸಿರುಗಟ್ಟುವುದು, ತಲೆತಿರುಗಿ ಬೀಳುವುದು ಆದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಓಡಿ.

ಹುಷಾರಾಗಿರುವಾಗಲೇ ಟಿ ಮತ್ತು ಐ ಎರಡನ್ನೂ ಒಮ್ಮೆ ಮಾಡಿಸಿ ಇಟ್ಟುಕೊಳ್ಳಿ. ನನ್ನ ಫೈಲಿನ ಮೊದಲ ಹಾಳೆ ಈಗ ಅದೇ, ಜೊತೆಗೆ ಒಂದು ಹಳೇ ಇಸಿಜಿ. ಎಲ್ಲೇ ಹೋದರೂ ಹೆಸರು ಬರೆಸುವ ಮೊದಲು ಅದನ್ನು ಕೈಗೆ ಕೊಡುತ್ತೇನೆ.