ಪಿನಿಯನ್ ಸೀಲ್ ಹೊಸಾದು ಹಾಕಿದ್ರೂ ಮತ್ತ ಆಯಿಲ್ ಸೋರಾಕತ್ತೈತಿ, ಕ್ರೌನ್ ಇಳಸಬೇಕೇನು?

ನಿಮ್ಮ ಪ್ರಶ್ನೆ ಇಷ್ಟು: ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೊರೂ ಪಿಕಪ್ಪು, ಹಿಂದಿನ ಹೌಸಿಂಗಿನ (ಆಕ್ಸಲ್ ಗೇರು ಕುಂತ ಡಬ್ಬಿಯ) ಮೂತಿ ಹತ್ರ ಆಯಿಲ್ ಸೋರತಿತ್ತು, ಅಲ್ಲಿಯ ಪಿನಿಯನ್ (ತಿರುಗನ್ನ ಒಳಗ ಒಯ್ಯೂ ಸಣ್ಣ ಗೇರು) ಸೀಲ್ ಬದಲಿಸಿದ್ರಿ, ತಿಂಗಳೊಪ್ಪತ್ತಿನ್ಯಾಗ ಮತ್ತ ಶುರು ಆತು, ಈಗ ಮೆಕ್ಯಾನಿಕ್ ಕ್ರೌನ್ (ಪಿನಿಯನ್ ತಿರುಗಿಸೂ ದೊಡ್ಡ ಗೇರು) ಪೂರ್ತಿ ಇಳಸಬೇಕು ಅನ್ನಾಕತ್ತಾರ. ಅಷ್ಟು ಲಗೂನ ಒಪ್ಪಬ್ಯಾಡ್ರಿ. ಹೊಸಾ ಸೀಲ್ ಇಷ್ಟು ಬೇಗ ಸೋರಿದ್ರ ತಪ್ಪು ಸೀಲಿಂದು ಇರೂದು ಕಡಿಮಿ. ಹಳೇದನ್ನ ಕೆಡಿಸಿದ ಕಾರಣ ಒಳಗ ಹಂಗ ಕುಂತಿರತೈತಿ.

ಮೊದ್ಲ ಬ್ರೀದರ್ (ಗಾಳಿ ಹೋಗೂ ತೂತು) ನೋಡ್ರಿ. ಹೌಸಿಂಗಿನ ಮ್ಯಾಲೆ ಸಣ್ಣ ಟೋಪಿ ಇರತೈತಿ, ಕೆಲವು ಗಾಡ್ಯಾಗ ಅಲ್ಲಿಂದ ರಬ್ಬರ್ ಪೈಪ್ ಮ್ಯಾಲೆ ಹೋಗಿರತೈತಿ. ಲೋಡ್ ಮ್ಯಾಲೆ ಓಡಿದಾಗ ಆಯಿಲ್ ಕಾಯತೈತಿ, ಒಳಗಿನ ಗಾಳಿ ಹಿಗ್ಗತೈತಿ, ಅದು ಹೊರಗ ಹೋಗಾಕ ಇರೂ ದಾರಿ ಇದೊಂದ. ನಮ್ಮ ಗದಗ, ನವಲಗುಂದ ಕಡೆ ಎರಿ ಹೊಲದಾಗ ಮಳಿಗಾಲದಾಗ ಗಾಡಿ ಹೊಕ್ಕು ಬಂದ್ರ ಆ ಮಣ್ಣು ಬ್ರೀದರಿಗೆ ಮೆತ್ತಿ, ಒಣಗಿದ ಮ್ಯಾಲೆ ಸಿಮೆಂಟಿನಗತೆ ಗಟ್ಟಿ ಆಗತೈತಿ. ಆಗ ಗಾಳಿ ಸೀಲಿನ ತುಟಿ ಎತ್ತಿ, ಆಯಿಲ್ ತಗೊಂಡ ಹೊರಗ ಬರತೈತಿ. ಬಿಚ್ಚಿ ಡೀಸೆಲ್‌ದಾಗ ತೊಳದು ಬಾಯಿಲೆ ಊದಿ ನೋಡ್ರಿ. ಇದಕ್ಕ ರೂಪಾಯಿ ಖರ್ಚಿಲ್ಲ, ಆದ್ರೂ ಯಾರೂ ನೋಡೂದಿಲ್ಲ. ಹಂಗ ಆಯಿಲ್ ಮಟ್ಟಾನೂ ನೋಡ್ರಿ: ಸಮ ನೆಲದ ಮ್ಯಾಲೆ, ಫಿಲ್ಲರ್ ತೂತಿನ ಕೆಳಗಿನ ಅಂಚಿಗೆ ಬಂದಿದ್ರ ಸಾಕು. ಗಾಡಿ ಓರೆ ನಿಲ್ಲಿಸಿ ತುಂಬಿದ್ರ ಹೆಚ್ಚಾಗಿ ಕುಂತು ಸೀಲಿನ ಮ್ಯಾಲೆ ಬರತೈತಿ.

ಆಮ್ಯಾಲೆ ಸೋರಿಕಿ ಎಲ್ಲಿಂದ ಅನ್ನೂದನ್ನ ಗಟ್ಟಿ ಮಾಡ್ಕೋರಿ. ಮೂತಿ ಪೂರ್ತಿ ಒರಸಿ 20-30 ಕಿ.ಮೀ. ಓಡಿಸಿ ಬರ್ರಿ. ಫ್ಲ್ಯಾಂಜಿನ (ಗೇರ್ ಬಾಕ್ಸಿನಿಂದ ಬರೂ ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗೂ ತಟ್ಟಿಯ) ಹಿಂದ ಹಸಿ ಇದ್ದು, ಮ್ಯಾಲಿನ ತಗಡಿಗೆ ಆಯಿಲ್ ಸಿಡದಿದ್ರ ಸೀಲ್. ನಡುವಿನ ನಟ್ಟಿನ ಸುತ್ತ ಬಂದಿದ್ರ ಸೀಲ್ ಅಲ್ಲ, ಸ್ಪ್ಲೈನ್ (ಫ್ಲ್ಯಾಂಜ್ ಪಿನಿಯನ್ನಿಗೆ ಕೂಡೂ ಹಲ್ಲು) ಹಾದು ಬರಾಕತ್ತೈತಿ. ಅದಕ್ಕ ಎಷ್ಟು ಸೀಲ್ ಬದಲಿಸಿದ್ರೂ ಉಪಯೋಗ ಇಲ್ಲ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಫ್ಲ್ಯಾಂಜ್ ಹಿಡದು ಮ್ಯಾಲೆ ಕೆಳಗ, ಹಿಂದ ಮುಂದ ಅಲಗಾಡಸ್ರಿ. ಕೈಗೆ ಪ್ಲೇ, ಅಂದ್ರ ಸಡಿಲ ಆಟ, ಹತ್ತಿದ್ರ ಬೇರಿಂಗ್ ಹೋಗಿರಬಹುದು, ಇಲ್ಲಾ ನಟ್ ಸಡಿಲ ಇರಬಹುದು; ಬೇರಿಂಗ್ ಹೋಗಿದ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಖರೆ. ಪ್ಲೇ ಇಲ್ಲಂದ್ರ ಮುಂದ ಓದ್ರಿ.

ಕೆಲಸಕ್ಕ ಮುಂಚೆ ಒಂದು ಎಚ್ಚರ. ಹಿಂದಿನ ಗಾಲಿ ಎತ್ತಿದ ಮ್ಯಾಲೆ ಹ್ಯಾಂಡ್ ಬ್ರೇಕ್ ಗಾಡಿ ಹಿಡಿಯೂದಿಲ್ಲ, ಪ್ರೊಪೆಲ್ಲರ್ ಬಿಚ್ಚಿದ ಮ್ಯಾಲೆ ಗೇರೂ ಹಿಡಿಯೂದಿಲ್ಲ. ಮುಂದಿನ ಗಾಲಿಗೆ ಎರಡೂ ಕಡೆ ಉಟಿ ಕೊಟ್ಟು, ಆಕ್ಸಲ್ ಕೆಳಗ ಸ್ಟ್ಯಾಂಡ್ ಇಟ್ಟ ಮ್ಯಾಲೇನ ಕೆಳಗ ಹೋಗ್ರಿ. ಬರೇ ಜಾಕ್ ಮ್ಯಾಲೆ ಬ್ಯಾಡ.

ಶಾಫ್ಟಿಗೂ ಫ್ಲ್ಯಾಂಜಿಗೂ ಸೇರಿಸಿ ಪೇಂಟ್ ಗುರುತು ಹಾಕ್ರಿ, ಇಲ್ಲಂದ್ರ ಆಮ್ಯಾಲೆ ಗಾಡಿ ನಡಗಬಹುದು. ಫ್ಲ್ಯಾಂಜಿಗೂ ಪಿನಿಯನ್ ತುದಿಗೂ ಇನ್ನೊಂದು ಗುರುತು. ಆಯಿಲ್ ಇಳಸ್ರಿ; ಹಾಲಿನಂಗ ಬೆಳ್ಳಗಾಗಿದ್ರ ನೀರು ಸೇರೈತಿ, ಲೋಹದ ಚೂರು ಬಂದ್ರ ಅಲ್ಲಿಗೇ ನಿಲ್ಲಿಸಿ ಒಳಗ ನೋಡ್ರಿ.

ಇನ್ನ ಮುಖ್ಯ ವಿಷಯ. ಬಾಳ ಆಕ್ಸಲ್‌ದಾಗ ಎರಡು ಪಿನಿಯನ್ ಬೇರಿಂಗ್ ನಡುವ ಕ್ರಷ್ ಸ್ಲೀವ್ ಅನ್ನೂ ಲೋಹದ ಕೊಳವಿ ಇರತೈತಿ. ನಟ್ ಬಿಗಿದಂಗ ಅದು ಕುಗ್ಗತೈತಿ, ಆ ಕುಗ್ಗಿದ ಅಳತೀನ ಬೇರಿಂಗಿನ ಪ್ರೀಲೋಡ್ (ಬೇರಿಂಗ್ ಆಡದಂಗ ಕೊಟ್ಟಿರೂ ಬಿಗಿ) ಹಿಡಿದಿರತೈತಿ. ಹಿಂದ ಕುಗ್ಗಿದ್ದು ಮತ್ತ ಹಿಗ್ಗೂದಿಲ್ಲ. ನಟ್ ಬಿಗಿಯೂ ಗನ್ (ಇಂಪ್ಯಾಕ್ಟ್ ರೆಂಚ್) ಹಚ್ಚಿ ಬಿಗಿದ್ರ ಪ್ರೀಲೋಡ್ ದಾಟಿ ಬೇರಿಂಗ್ ಕಾಯತಾವ. ಸಡಿಲ ಬಿಟ್ರ ಪಿನಿಯನ್ ಅಲಗಾಡಿ ಹೊಸಾ ಸೀಲ್ ಮತ್ತ ತಿಂತೈತಿ. ನಿಮ್ಮ ಮೊದಲಿನ ಕೆಲಸ ಇಲ್ಲೇ ಕೆಟ್ಟಿರಬಹುದು. ಹಿಂಗಾಗಿ ನಟ್ ಬಿಚ್ಚೂಕಿಂತ ಮುಂಚೆ ಅಳೀರಿ. ಗಾಲಿ, ಡ್ರಮ್ ತಗದು, ಹ್ಯಾಂಡ್ ಬ್ರೇಕ್ ಬಿಟ್ಟು, ಫ್ಲ್ಯಾಂಜಿಗೆ ದಾರ ಸುತ್ತಿ, ಕೊಕ್ಕೆ ಇರೂ ಸಣ್ಣ ಕಾಂಟಾದಿಂದ ಎಳೀರಿ. ಶುರುವಿನ ಜಗ್ಗು ಲೆಕ್ಕಕ್ಕ ಬ್ಯಾಡ, ಒಂದೇ ಸಮನೆ ತಿರಗೂವಾಗ ಎಷ್ಟು ತೋರಸತೈತಿ ಅದನ್ನ ಬರಕೋರಿ. ದಾರ ನಡುವಿನಿಂದ 5 ಸೆಂ.ಮೀ. ದೂರ ಇದ್ದು ಕಾಂಟಾ 2 ಕೆ.ಜಿ. ತೋರಿಸಿದ್ರ ಅದು ಸುಮಾರು 1 ನ್ಯೂಟನ್ ಮೀಟರ್. ನಟ್ಟಿನ ಹೊರಗ ಎಷ್ಟು ಥ್ರೆಡ್ ಕಾಣತಾವ ಅನ್ನೂದನ್ನೂ ಎಣಿಸಿಡ್ರಿ. ಸ್ಲೀವ್ ಬದ್ಲಿ ಗಟ್ಟಿ ಸ್ಪೇಸರ್ ಮತ್ತು ಶಿಮ್ (ತೆಳ್ಳನ್ನ ತಗಡಿನ ಬಳಿ) ಇರೂ ಆಕ್ಸಲ್ ಆದ್ರ ಈ ತ್ರಾಸಿಲ್ಲ, ಮ್ಯಾನುವಲ್ ಹೇಳಿದ ಟಾರ್ಕಿಗೆ ಬಿಗಿದ್ರ ಆತು. ನಿಮ್ಮದು ಯಾವ ಬಗೆ ಅನ್ನೂದು ಪಾರ್ಟ್ಸ್ ಪಟ್ಟಿ ನೋಡಿದ್ರ ಗೊತ್ತಾಗತೈತಿ.

ನಟ್ ಬಿಚ್ಚಾಕ ಉದ್ದನ್ನ ಪಟ್ಟಿಗೆ ಎರಡು ತೂತು ಹೊಡದು ಫ್ಲ್ಯಾಂಜಿಗೆ ಬೋಲ್ಟ್ ಮಾಡಿ ಹಿಡೀರಿ. ಫ್ಲ್ಯಾಂಜ್ ಪುಲ್ಲರ್‌ಲೆ ತಗೀರಿ. ಸುತ್ತಗಿ ಹಿಂದಿನಿಂದ ಹೊಡದ್ರ ಫ್ಲ್ಯಾಂಜ್ ಸೊಟ್ಟ ಆಗತೈತಿ.

ಹೊರಗ ಬಂದ ಫ್ಲ್ಯಾಂಜಿನ ಕೊಳವಿ ಒರಸಿ, ಸೀಲಿನ ತುಟಿ ಓಡೂ ಜಾಗದ ಮ್ಯಾಲೆ ಉಗುರು ಆಡಸ್ರಿ. ಉಗುರು ಗೀರಿಗೆ ಹತ್ತಲಿಲ್ಲಂದ್ರ 600 ನಂಬರ್ ಎಮೆರಿಲೆ ಸುತ್ತಲೂ ಉಜ್ಜಿದ್ರ ಸಾಕು. ಉದ್ದುದ್ದ ಉಜ್ಜಬ್ಯಾಡ್ರಿ, ಆ ಗೀರಿನ ಗುಂಟ ಆಯಿಲ್ ಬರತೈತಿ. ಉಗುರು ಸಿಕ್ಕಿದ್ರ ಎಷ್ಟು ಒಳ್ಳೆ ಸೀಲ್ ಹಾಕಿದ್ರೂ ನಿಲ್ಲೂದಿಲ್ಲ: ಫ್ಲ್ಯಾಂಜ್ ಬದಲಿಸ್ರಿ, ಇಲ್ಲಾ ತೆಳ್ಳನ್ನ ರಿಪೇರ್ ಸ್ಲೀವ್ ಏರಸ್ರಿ. ಅದರ ದಪ್ಪ ಕಾಲು ಮಿ.ಮೀ.ಗಿಂತ ತುಸು ಹೆಚ್ಚು, ಹಿಂಗಾಗಿ ಅದೇ ಅಳತಿ ಸೀಲ್ ನಡೀತೈತಿ. ಹುಬ್ಬಳ್ಳಿ ಸ್ಪೇರ್ಸ್ ಅಂಗಡಿಗೆ ಹೋಗೂವಾಗ ಹಳೇ ಸೀಲ್ ಒಯ್ರಿ, ಮ್ಯಾಲೆ ಕೊರದ ಅಳತಿ ನೋಡಿ ತಗೋರಿ. ನಟ್ಟೂ ಹೊಸಾದು ಬೇಕು.

ಸೀಲ್ ತುಟಿಗೆ ಗ್ರೀಸ್ ಹಚ್ಚಿ, ಹಿಂದಿನ ಸ್ಪ್ರಿಂಗ್ ಕುಂತಿರೂ ಸಂದಿಯೊಳಗೂ ತುಂಬ್ರಿ. ಹೊಡಿಯೂವಾಗ ಸ್ಪ್ರಿಂಗ್ ಜಿಗದು ಬಿದ್ರ ಹೊರಗಿನಿಂದ ಕಾಣೂದಿಲ್ಲ, ಸೋರಿದ ಮ್ಯಾಲೇನ ಗೊತ್ತಾಗತೈತಿ. ಅಳತಿಯ ಪೈಪ್ ತುಂಡು ಇಟ್ಟು ಎಲ್ಲಾ ಕಡೆ ಸಮ ಕೂಡಸ್ರಿ. ಫ್ಲ್ಯಾಂಜಿನ ಸ್ಪ್ಲೈನಿಗೂ ವಾಷರ್ ಕೆಳಗೂ ತೆಳ್ಳಗ ಸಿಲಿಕೋನ್ ಹಚ್ರಿ.

ನಟ್ ಕೈಪಾನಾಲೆ ಸ್ವಲ್ಪ ಸ್ವಲ್ಪ ಬಿಗೀರಿ. ಎಣಿಸಿಟ್ಟ ಥ್ರೆಡ್ ಹತ್ರ ಬಂದಾಗ ಪ್ರತಿ ಸಲ ತುಸು ಬಿಗಿದು, ಫ್ಲ್ಯಾಂಜ್ ನಾಲ್ಕೈದು ಸುತ್ತು ತಿರುಗಿಸಿ, ಮತ್ತ ಕಾಂಟಾಲೆ ಅಳೀರಿ. 5 ಸೆಂ.ಮೀ. ದೂರದಾಗ ಮೊದಲಿನ ಅಳತಿಗಿಂತ ಅರ್ಧದಿಂದ ಒಂದು ಕೆ.ಜಿ. ಹೆಚ್ಚಿಗೆ ಬಂದ್ರ ನಿಲ್ಲಸ್ರಿ. ದಾಟಿ ಹೋದ್ರ ನಟ್ ಹಿಂದಕ್ಕ ತಿರುಗಿಸಿ ಸರಿ ಮಾಡಾಕ ಬರೂದಿಲ್ಲ. ಹೊಸಾ ಕ್ರಷ್ ಸ್ಲೀವ್ ಹಾಕಬೇಕು, ಅದಕ್ಕ ಪಿನಿಯನ್ ಹೊರಗ ಬರಬೇಕು, ಆಗ ಕ್ರೌನ್ ಇಳಸೂದು ತಪ್ಪೂದಿಲ್ಲ.

ಕಂಪನಿ ಹೇಳಿದ ಜಿಎಲ್-5 (ಗೇರ್ ಆಯಿಲಿನ ಒಂದು ದರ್ಜೆ) ಆಯಿಲ್ ತುಂಬಿ, ಲೋಡ್ ಇಲ್ಲದ 30 ಕಿ.ಮೀ. ಓಡಿಸಿ, ನಿಲ್ಲಿಸಿದ ಕೂಡ್ಲೆ ಮೂತಿ ಮುಟ್ಟಿ ನೋಡ್ರಿ. ಬೆಚ್ಚಗಿದ್ರ ಸರಿ. ಕೈ ಇಡಾಕ ಆಗಲಿಲ್ಲಂದ್ರ, ಇಲ್ಲಾ ಆಕ್ಸಿಲರೇಟರ್ ಒತ್ತಿದಾಗ ಹೊಸಾದಾಗಿ ಕುಂಯ್ ಸಪ್ಪಳ ಬಂದ್ರ ಪ್ರೀಲೋಡ್ ಬಿಗಿ ಆಗಿರಬಹುದು, ಲೋಡ್ ಹಾಕಬ್ಯಾಡ್ರಿ.